ಮನೆ ಕೊಳ್ಳಲು ಮನೆಯವರು ಕೊಟ್ಟ ದುಡ್ಡು: ಯಾರದ್ದಕ್ಕೆ ತೆರಿಗೆ, ಯಾರದ್ದಕ್ಕೆ ಇಲ್ಲ?

ಹಾಸನದ ಕುವೆಂಪುನಗರದಲ್ಲೋ ಚಿಕ್ಕಮಗಳೂರಿನ ಹಿರೇಮಗಳೂರು ಕಡೆಯೋ 60 ಲಕ್ಷಕ್ಕೆ ಒಂದು ಮನೆ ನೋಡಿದ್ದೀರಿ ಎಂದು ಇಟ್ಟುಕೊಳ್ಳಿ. ಬ್ಯಾಂಕು ಹೆಚ್ಚೆಂದರೆ ಬೆಲೆಯ ಶೇ. 80ರಷ್ಟು ಸಾಲ ಕೊಡಬಹುದು. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ಅದು. ಅಂದರೆ 12 ಲಕ್ಷ ನಿಮ್ಮ ಕೈಯಿಂದ ಬರಬೇಕು. ಅದರ ಮೇಲೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸೇರಿ ಸುಮಾರು ನಾಲ್ಕೂವರೆ ಲಕ್ಷ. ಇದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ. ಒಟ್ಟು ಹದಿನಾರೂವರೆ ಲಕ್ಷ ಹೊಂದಿಸಬೇಕು. ಮೂವತ್ತರ ಆಸುಪಾಸಿನಲ್ಲಿರುವ ಎಷ್ಟು ಜನರ ಹತ್ತಿರ ಇಷ್ಟು ದುಡ್ಡು ಇರುತ್ತದೆ? ಆಗ ಅಪ್ಪ, ಅಮ್ಮ, ಮಾವ, ಅಕ್ಕ, ಚಿಕ್ಕಪ್ಪ ಎಲ್ಲರೂ ಕೈಜೋಡಿಸುತ್ತಾರೆ. ನಮ್ಮ ಕಡೆ ಮನೆಗಳು ಎದ್ದಿರುವುದೇ ಹೀಗೆ.

ಇಂಥ ದುಡ್ಡಿನ ಬಗ್ಗೆ ಎರಡು ತಪ್ಪು ತಿಳಿವಳಿಕೆ ಓಡಾಡುತ್ತಿವೆ. ಒಂದು, ಮನೆಯವರು ಎಷ್ಟು ಕೊಟ್ಟರೂ ಯಾರೂ ಕೇಳುವುದಿಲ್ಲ ಎನ್ನುವುದು. ಇನ್ನೊಂದು, 50 ಸಾವಿರ ದಾಟಿದರೆ ಅಪ್ಪ ಕೊಟ್ಟ ದುಡ್ಡಿಗೂ ತೆರಿಗೆ ಬೀಳುತ್ತದೆ ಎನ್ನುವುದು. ಎರಡೂ ಸರಿಯಲ್ಲ. ಕೊಟ್ಟವರು ನಿಮಗೆ ಏನಾಗಬೇಕು ಎನ್ನುವುದರ ಮೇಲೆ ತೆರಿಗೆ ನಿಂತಿದೆ. ಆ ದುಡ್ಡು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು ಎಂದು ತೋರಿಸಲು ಆಗುತ್ತದೆಯೇ ಎನ್ನುವುದರ ಮೇಲೆ ನಿಮ್ಮ ನೆಮ್ಮದಿ ನಿಂತಿದೆ.

ಮೊದಲು ಸ್ವಲ್ಪ ಹಿನ್ನೆಲೆ. 1958ರಲ್ಲಿ ದಾನ ತೆರಿಗೆ ಎಂಬ ಕಾಯ್ದೆ ಬಂತು. ಆಗ ತೆರಿಗೆ ಕಟ್ಟಬೇಕಾಗಿದ್ದುದು ಕೊಟ್ಟವರು. 1998ರ ಅಕ್ಟೋಬರ್ 1ರಿಂದ ಅದು ನಿಂತಿತು. ಕೆಲವು ವರ್ಷ ಯಾವ ತೆರಿಗೆಯೂ ಇರಲಿಲ್ಲ. 2004ರ ಸೆಪ್ಟೆಂಬರ್ 1ರಿಂದ ಲೆಕ್ಕ ತಿರುಗಿತು: ತೆರಿಗೆ ಪಡೆದವರ ತಲೆಗೆ ಬಂತು. ಆಗ ಮಿತಿ 25 ಸಾವಿರ. 2006ರಲ್ಲಿ ಅದು 50 ಸಾವಿರವಾಯಿತು. ಮುಂದೆ ಚಿನ್ನ, ಸೈಟು, ಮನೆ ಕೂಡ ಈ ನಿಯಮದೊಳಗೆ ಬಂದವು. ಆದರೆ ಆ 50 ಸಾವಿರ ಮಾತ್ರ ಅಲ್ಲೇ ಉಳಿಯಿತು. ಆಗಿನ ಸೈಟಿನ ಬೆಲೆ ಎಷ್ಟು, ಈಗ ಎಷ್ಟು ಅಂತ ನೋಡಿದರೆ ಈ ಮಿತಿ ಎಷ್ಟು ಹಳೆಯದು ಎಂದು ಗೊತ್ತಾಗುತ್ತದೆ. ಇದನ್ನು ಏರಿಸಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಏರಿಸುವವರೆಗೂ ನಿಯಮ ನಿಯಮವೇ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಸೆಕ್ಷನ್ ನಂಬರುಗಳು ಬದಲಾದವು, ಈ ವಿಷಯದ ತಿರುಳು ಬದಲಾಗಿಲ್ಲ. ಆದ್ದರಿಂದ ಇಲ್ಲಿ ನಂಬರುಗಳ ಗೋಜಿಗೆ ಹೋಗುವುದಿಲ್ಲ.

ಕಾನೂನಿನ ಕಣ್ಣಲ್ಲಿ ಯಾರು ಸಂಬಂಧಿಕರು

ಸಂಬಂಧಿಕರು ಕೊಟ್ಟ ಹಣಕ್ಕೆ ತೆರಿಗೆ ಇಲ್ಲ. ಹತ್ತು ಸಾವಿರವಾಗಲಿ, ಹತ್ತು ಲಕ್ಷವಾಗಲಿ, ಕೋಟಿಯಾಗಲಿ. ಸಂಬಂಧಿಕರಲ್ಲದವರು ಕೊಟ್ಟದ್ದು ವರ್ಷಕ್ಕೆ ಒಟ್ಟು 50 ಸಾವಿರ ದಾಟಿದರೆ ತೆರಿಗೆ ಇದೆ. ಒಬ್ಬೊಬ್ಬರಿಗೆ 50 ಸಾವಿರ ಅಲ್ಲ, ಎಲ್ಲರದ್ದೂ ಸೇರಿ. ದಾಟಿದರೆ ಮೇಲಿನದ್ದಕ್ಕೆ ಮಾತ್ರ ತೆರಿಗೆಯೂ ಅಲ್ಲ, ಪೂರ್ತಿ ಮೊತ್ತಕ್ಕೆ. ಮೂವರು ಗೆಳೆಯರು ತಲಾ 20 ಸಾವಿರ ಕೊಟ್ಟರೆ 60 ಸಾವಿರವೂ ನಿಮ್ಮ ಆದಾಯಕ್ಕೆ ಸೇರುತ್ತದೆ.

ಆದರೆ ಸಂಬಂಧಿಕರು ಎಂದರೆ ಯಾರು? ನಮಗೆ ಬೀಗರ ಕಡೆಯವರೂ ನೆಂಟರೇ, ದೊಡ್ಡಪ್ಪನ ಮಗನೂ ಅಣ್ಣನೇ. ಕಾನೂನಿನ ಪಟ್ಟಿ ಬೇರೆ ಥರ ಇದೆ. ಹಣ ಪಡೆಯುವವರನ್ನು ನಡುವೆ ಇಟ್ಟುಕೊಂಡು ಅದು ಎಣಿಸುತ್ತದೆ. ಗಂಡ ಅಥವಾ ಹೆಂಡತಿ. ನಿಮ್ಮ ಒಡಹುಟ್ಟಿದವರು. ನಿಮ್ಮ ಗಂಡ ಅಥವಾ ಹೆಂಡತಿಯ ಒಡಹುಟ್ಟಿದವರು. ನಿಮ್ಮ ಅಪ್ಪ ಅಮ್ಮನ ಒಡಹುಟ್ಟಿದವರು. ನಿಮ್ಮ ಮೇಲಿನ ನೇರ ತಲೆಮಾರು, ಅಂದರೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ. ಕೆಳಗಿನ ನೇರ ತಲೆಮಾರು, ಅಂದರೆ ಮಕ್ಕಳು, ಮೊಮ್ಮಕ್ಕಳು. ಗಂಡ ಅಥವಾ ಹೆಂಡತಿಯ ಕಡೆಯ ಇದೇ ನೇರ ತಲೆಮಾರುಗಳು. ಇವರೆಲ್ಲರ ಗಂಡ ಅಥವಾ ಹೆಂಡತಿಯರು. ಪಟ್ಟಿ ಇಷ್ಟೇ.

ಇದನ್ನು ನಮ್ಮ ನಂಟಿಗೆ ಹೊಂದಿಸಿ ನೋಡೋಣ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಸೋದರತ್ತೆ, ಚಿಕ್ಕಮ್ಮ, ದೊಡ್ಡಮ್ಮ ಒಳಗಿದ್ದಾರೆ. ಚಿಕ್ಕಮ್ಮನ ಗಂಡನೂ ಒಳಗೆ. ಹೆಣ್ಣು ಕೊಟ್ಟ ಮಾವ, ಭಾಮೈದ, ನಾದಿನಿ, ಅತ್ತಿಗೆ, ಅಕ್ಕನ ಗಂಡ ಭಾವ ಒಳಗೆ. ಷಡ್ಡಕ ಒಳಗೆ, ಓರಗಿತ್ತಿಯೂ ಒಳಗೆ. ಷಡ್ಡಕ ಸೇರಿದ್ದಾನೆ ಎಂದರೆ ಜನ ನಂಬುವುದೇ ಇಲ್ಲ. ಆದರೆ ಹೆಂಡತಿಯ ತಂಗಿ ಪಟ್ಟಿಯಲ್ಲಿದ್ದಾಳೆ, ಅವಳ ಗಂಡನೂ ಸೇರುತ್ತಾನೆ, ಅಷ್ಟೇ ಲೆಕ್ಕ.

ಹೊರಗುಳಿದವರು ಯಾರು? ದೊಡ್ಡಪ್ಪನ ಮಕ್ಕಳು, ಸೋದರಮಾವನ ಮಕ್ಕಳು, ಹೀಗೆ ಆ ಸಾಲಿನ ಅಣ್ಣ ತಮ್ಮ ಅಕ್ಕ ತಂಗಿಯರು ಯಾರೂ ಇಲ್ಲ. ಬೀಗರು ಇಲ್ಲ. ಹೆಂಡತಿಯ ಚಿಕ್ಕಪ್ಪ, ಹೆಂಡತಿಯ ಸೋದರಮಾವ ಇಲ್ಲ. ಅಣ್ಣನ ಮಗ, ಅಕ್ಕನ ಮಗಳು ಕೂಡ ಇಲ್ಲ. ಜನ ಎಡವುವುದು ಈ ಕೊನೆಯ ಜಾಗದಲ್ಲೇ. ಸೋದರಮಾವ ಅಳಿಯನಿಗೆ ಐದು ಲಕ್ಷ ಕೊಟ್ಟರೆ ತೆರಿಗೆ ಇಲ್ಲ. ಅದೇ ಅಳಿಯ ಬೆಂಗಳೂರಲ್ಲಿ ಕೆಲಸ ಹಿಡಿದು, ತನ್ನನ್ನು ಓದಿಸಿದ ಮಾವನಿಗೆ ಊರಲ್ಲಿ ಮನೆ ಕಟ್ಟಿಕೊಳ್ಳಲು ಐದು ಲಕ್ಷ ಕೊಟ್ಟರೆ, ಮಾವ ಅದಕ್ಕೆ ತೆರಿಗೆ ಕಟ್ಟಬೇಕು. ಮಾವನಿಗೆ ಅಳಿಯ ಅಕ್ಕನ ಮಗ, ಮತ್ತು ಅಕ್ಕನ ಮಗ ಪಟ್ಟಿಯಲ್ಲಿಲ್ಲ. ಋಣ ತೀರಿಸಲು ಬಂದ ಹುಡುಗನ ದುಡ್ಡಿಗೆ ತೆರಿಗೆ ಹಾಕುವ ಈ ನಿಯಮ ನ್ಯಾಯವಾಗಿದೆ ಎಂದು ನನಗೆ ಅನಿಸುವುದಿಲ್ಲ. ಆದರೂ ಗೊತ್ತಿರಬೇಕು, ಅಲ್ವಾ?

ತೆರಿಗೆ ಎಷ್ಟಾಗುತ್ತದೆ ನೋಡಿ. ದೊಡ್ಡಪ್ಪನ ಮಗ ನಿಮಗೆ ಮೂರು ಲಕ್ಷ ಕೊಟ್ಟ. ನೀವು ಶೇ. 30ರ ಸ್ಲ್ಯಾಬಿನಲ್ಲಿದ್ದೀರಿ. ಶೇ. 4ರ ಸೆಸ್ ಸೇರಿ 93,600 ರೂಪಾಯಿ ಹೋಗುತ್ತದೆ. ಅದೇ ಮೂರು ಲಕ್ಷವನ್ನು ದೊಡ್ಡಪ್ಪ ತಮ್ಮ ಸ್ವಂತ ದುಡ್ಡಿನಿಂದ ಕೊಟ್ಟಿದ್ದರೆ ಒಂದು ರೂಪಾಯಿಯೂ ಇಲ್ಲ. ಹಾಗಂತ ಮಗ ಇವತ್ತು ಅಪ್ಪನ ಖಾತೆಗೆ ಹಾಕಿ, ಅಪ್ಪ ನಾಳೆ ನಿಮ್ಮ ಖಾತೆಗೆ ತಿರುಗಿಸಿದರೆ ಅದು ಸುಮ್ನೆ ಕಣ್ಣುಕಟ್ಟು. ಪಾಸ್‌ಬುಕ್ಕಿನಲ್ಲಿ ಎರಡು ಸಾಲು ಹತ್ತಿರ ಹತ್ತಿರ ಇದ್ದರೆ ಅಧಿಕಾರಿಗೆ ಅರ್ಥವಾಗದೇ ಇರುವುದಿಲ್ಲ.

ನೇರವಾದ ದಾರಿಯೂ ಇದೆ. ಹೆಂಡತಿಯ ಚಿಕ್ಕಪ್ಪ ಸಹಾಯ ಮಾಡುವುದಾದರೆ ದುಡ್ಡನ್ನು ಹೆಂಡತಿಯ ಖಾತೆಗೇ ಹಾಕಲಿ. ಹೆಂಡತಿಗೆ ಅವರು ಅಪ್ಪನ ತಮ್ಮ, ಪಟ್ಟಿಯಲ್ಲಿದ್ದಾರೆ. ಮನೆಯನ್ನು ಇಬ್ಬರ ಹೆಸರಿಗೂ ಮಾಡಿಸಿ, ಹೆಂಡತಿಯ ಪಾಲಿನ ಹಣ ಅವರ ಖಾತೆಯಿಂದಲೇ ಹೋಗಲಿ. ತೆರಿಗೆಯೂ ಉಳಿಯುತ್ತದೆ, ಅವರ ಹೆಸರಿಗೆ ಒಂದು ಆಸ್ತಿಯೂ ಆಗುತ್ತದೆ. ಪಟ್ಟಿಯಲ್ಲಿ ಇಲ್ಲದವರು ಸಹಾಯ ಮಾಡಲೇಬೇಕೆಂದರೆ ದಾನ ಬೇಡ, ಸಾಲವಾಗಿ ಕೊಡಲಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮದುವೆಯ ಮುಯ್ಯಿ, ಗೃಹಪ್ರವೇಶದ ಮುಯ್ಯಿ

ಮದುವೆಯಲ್ಲಿ ವಧು ವರರಿಗೆ ಬಂದ ಮುಯ್ಯಿಗೆ ತೆರಿಗೆ ಇಲ್ಲ. ನೆಂಟರೇ ಆಗಬೇಕಿಲ್ಲ, ಗೆಳೆಯರು, ಆಫೀಸಿನವರು, ಊರಿನವರು ಯಾರು ಓದಿಸಿದರೂ ಸರಿ. ಮೊತ್ತಕ್ಕೆ ಮಿತಿಯೂ ಇಲ್ಲ. ಹೊಸ ದಂಪತಿ ಆ ದುಡ್ಡನ್ನು ಸೈಟಿಗೆ ಮುಂಗಡ ಕೊಟ್ಟರೆ ಯಾವ ತೊಂದರೆಯೂ ಇಲ್ಲ. ಒಂದು ಮಾತು: ಈ ವಿನಾಯಿತಿ ಮದುವೆಯಾದವರಿಗೆ ಮಾತ್ರ. ಮದುಮಗಳ ಅಪ್ಪನ ಕೈಗೆ ಅವರ ಗೆಳೆಯರು ಕೊಟ್ಟದ್ದು ಇದರಲ್ಲಿ ಸೇರುವುದಿಲ್ಲ.

ಗೃಹಪ್ರವೇಶದ ಮುಯ್ಯಿಗೆ ಇಂಥ ವಿನಾಯಿತಿ ಇಲ್ಲವೇ ಇಲ್ಲ. ಹುಟ್ಟುಹಬ್ಬ, ನಾಮಕರಣಕ್ಕೂ ಇಲ್ಲ. ಗೃಹಪ್ರವೇಶಕ್ಕೆ ಬಂದ ಪಟ್ಟಿಯ ಒಳಗಿನ ನೆಂಟರ ಮುಯ್ಯಿಯನ್ನು ಬದಿಗಿಟ್ಟು, ಉಳಿದವರದ್ದನ್ನೆಲ್ಲ ಕೂಡಬೇಕು. ಆ ವರ್ಷ ಹೊರಗಿನವರಿಂದ ಬಂದ ಬೇರೆ ದುಡ್ಡೂ ಸೇರಿ 50 ಸಾವಿರ ದಾಟಿದರೆ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಐನೂರು, ಸಾವಿರದ ಕವರುಗಳೇ ದೊಡ್ಡ ಮನೆತನದಲ್ಲಿ ಆ ಮಟ್ಟಕ್ಕೆ ಹೋಗುವುದು ಕಷ್ಟವಲ್ಲ. ಚಿನ್ನಕ್ಕೂ ಇಂಥದ್ದೇ 50 ಸಾವಿರದ ಮಿತಿ ಬೇರೆಯಾಗಿ ಇದೆ. ಮಿಕ್ಸಿ, ಫ್ಯಾನು, ಪಾತ್ರೆ ಲೆಕ್ಕಕ್ಕಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಬರೆಯುವ ಪುಸ್ತಕ ಇರುತ್ತದಲ್ಲ, ಹೆಸರು, ಊರು, ಮೊತ್ತ ಎಲ್ಲ ಇರುವುದು, ಅದನ್ನು ಜೋಪಾನವಾಗಿ ಇಡಿ. ಯಾರಿಂದ ಎಷ್ಟು ಬಂತು ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದು ಕಷ್ಟ.

ತೋಟದ ದುಡ್ಡು

ನಮ್ಮ ಎರಡು ಜಿಲ್ಲೆಗಳಲ್ಲಿ ಈ ವಿಷಯ ಸೂಕ್ಷ್ಮವಾಗುವುದು ಇಲ್ಲಿ. ಹಣ ಕೊಡುವ ಹಿರಿಯರು ಬಹಳ ಕಡೆ ಬೆಳೆಗಾರರು. ಸಕಲೇಶಪುರ, ಮೂಡಿಗೆರೆಯ ಕಾಫಿ, ಮೆಣಸು. ಕೊಪ್ಪ, ಶೃಂಗೇರಿಯ ಅಡಿಕೆ. ಅರಸೀಕೆರೆ, ಕಡೂರಿನ ತೆಂಗು. ಹಾಸನದ ಆಲೂಗಡ್ಡೆ, ಶುಂಠಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾಗಿ ಅನೇಕ ಹಿರಿಯರು ಜೀವನದಲ್ಲಿ ಒಮ್ಮೆಯೂ ರಿಟರ್ನ್ ಸಲ್ಲಿಸಿಲ್ಲ. ದುಡ್ಡಿನ ಬಹುಪಾಲು ನಗದಿನಲ್ಲಿ ಓಡಾಡಿದೆ.

ಮಗ ಸಂಬಳದಾರ. ಅವನ ಖಾತೆಗೆ 12 ಲಕ್ಷ ಬಂದು, ಮರುತಿಂಗಳು ಮನೆ ನೋಂದಣಿಯಾಗುತ್ತದೆ. ದೊಡ್ಡ ನೋಂದಣಿಗಳ ಮಾಹಿತಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತುಂಬಿದರೆ ಬ್ಯಾಂಕೂ ತಿಳಿಸುತ್ತದೆ. ಆಮೇಲೆ ಬರುವ ನೋಟಿಸಿನಲ್ಲಿ ಕೇಳುವ ಪ್ರಶ್ನೆ ಇದು: ನಿಮಗೆ ಅಪ್ಪ ಕೊಟ್ಟರು ಸರಿ, ಅಪ್ಪನಿಗೆ ಎಲ್ಲಿಂದ ಬಂತು? ಕೊಟ್ಟವರು ಯಾರು, ಅವರಿಗೆ ಕೊಡುವ ಶಕ್ತಿ ಇತ್ತೇ, ವ್ಯವಹಾರ ನಿಜವೇ, ಈ ಮೂರಕ್ಕೂ ಉತ್ತರ ಬೇಕು. ಉತ್ತರ ಕೊಡಲಾಗದಿದ್ದರೆ ಅದನ್ನು ಮೂಲ ತಿಳಿಯದ ಹಣ ಎಂದು ಎಣಿಸುತ್ತಾರೆ. ಆಗ ಮಾಮೂಲಿ ಸ್ಲ್ಯಾಬ್ ದರ ಸಿಗುವುದಿಲ್ಲ, ಬೇರೆಯೇ ದರ ಬೀಳುತ್ತದೆ. ಕಷ್ಟಪಟ್ಟು ಬೆಳೆದು ಉಳಿಸಿದ ದುಡ್ಡು ಕಳ್ಳಹಣದ ಸಾಲಿಗೆ ಸೇರುವುದು ಎಂಥ ಅನ್ಯಾಯ! ಅದು ಆಗಬಾರದು ಎಂದೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆದ್ದರಿಂದ ಪಹಣಿ ಬೇಕು. ವ್ಯಾಪಾರಿ ಅಥವಾ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವ ಕಾರ್ಖಾನೆ) ಕೊಟ್ಟ ಕಾಫಿ ಮಾರಾಟದ ಬಿಲ್ಲುಗಳು ಬೇಕು. ಎಪಿಎಂಸಿಯಲ್ಲಿ ಮಾರಿದ್ದರೆ ಅಲ್ಲಿನ ಚೀಟಿಗಳು. ಹಿಂದಿನ ಕೆಲವು ವರ್ಷಗಳ ಪಾಸ್‌ಬುಕ್. ನಗದು ಕೈಯಲ್ಲಿದ್ದರೆ ಅಪ್ಪ ಅದನ್ನು ಬಿಲ್ಲಿನ ಆಧಾರದ ಮೇಲೆ ತಮ್ಮ ಖಾತೆಗೆ ಕಟ್ಟಲಿ, ಅಲ್ಲಿಂದ ಮಗನಿಗೋ ಮಗಳಿಗೋ ಆರ್‌ಟಿಜಿಎಸ್ ಮಾಡಲಿ. ನಿಮ್ಮ ಖಾತೆಗೆ ನೀವೇ ನಗದು ಕಟ್ಟಿ ಅಪ್ಪ ಕೊಟ್ಟದ್ದು ಎನ್ನಬೇಡಿ. ಒಬ್ಬರಿಂದ ಒಂದು ದಿನಕ್ಕೆ, ಅಥವಾ ಒಂದು ವ್ಯವಹಾರಕ್ಕೆ, ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ. ಅಪ್ಪ ಮಗನ ನಡುವೆಯೂ ಈ ನಿಯಮಕ್ಕೆ ಸಡಿಲಿಕೆ ಇಲ್ಲ. ಮೂರು ದಿನಕ್ಕೆ ಹಂಚಿ ಕೊಟ್ಟರೆ ತಪ್ಪಿಸಿಕೊಳ್ಳಬಹುದು ಎನ್ನುವುದೂ ಸುಳ್ಳು, ಒಂದೇ ಉದ್ದೇಶಕ್ಕೆ ಕೊಟ್ಟದ್ದು ಒಂದೇ ವ್ಯವಹಾರವಾಗುತ್ತದೆ.

ಕಾಫಿಯಲ್ಲಿ ಇನ್ನೊಂದು ವಿಷಯ. ಬೆಳೆದವರೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆ ಆದಾಯದ ಶೇ. 25 ಭಾಗ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಹುರಿದು, ಪುಡಿ ಮಾಡಿ ಮಾರಿದರೆ ಶೇ. 40. ಕಾಫಿ ದುಡ್ಡಿಗೆ ತೆರಿಗೆಯೇ ಇಲ್ಲ ಎಂದು ಕೂತವರು ದೊಡ್ಡ ಮೊತ್ತ ಕೊಡುವ ಮೊದಲು ಆಡಿಟರ್ ಹತ್ತಿರ ಇದನ್ನು ಸರಿಮಾಡಿಕೊಳ್ಳಬೇಕು.

ಜಮೀನು ಮಾರಿ ಕೊಡುವವರೂ ಇದ್ದಾರೆ. ಹಳ್ಳಿಯ ಕೃಷಿ ಜಮೀನು ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ಹಳ್ಳಿ ಎಂದರೆ ಇಲ್ಲಿ ದೂರದ ಲೆಕ್ಕ. ಒಂದು ಲಕ್ಷ ದಾಟಿ ಹತ್ತು ಲಕ್ಷದೊಳಗೆ ಜನಸಂಖ್ಯೆ ಇರುವ ಪಟ್ಟಣದ ಗಡಿಯಿಂದ 6 ಕಿಲೋಮೀಟರ್ ಒಳಗಿದ್ದರೆ ಅದು ಹಳ್ಳಿ ಜಮೀನಲ್ಲ. 2011ರ ಜನಗಣತಿಯಲ್ಲೇ ಹಾಸನ, ಚಿಕ್ಕಮಗಳೂರು ಎರಡೂ ಲಕ್ಷ ದಾಟಿವೆ. ಸಕಲೇಶಪುರದಂಥ ಸಣ್ಣ ಪಟ್ಟಣಕ್ಕೆ 2 ಕಿಲೋಮೀಟರ್. ದೂರವನ್ನು ರಸ್ತೆಯ ಮೇಲೆ ಅಳೆಯುವುದಿಲ್ಲ, ನೇರ ಗೆರೆಯಲ್ಲಿ ಅಳೆಯುತ್ತಾರೆ. ರಸ್ತೆಯಲ್ಲಿ ಎಂಟು ಕಿಲೋಮೀಟರ್ ಇರುವ ತೋಟ ನೇರ ಗೆರೆಯಲ್ಲಿ ಐದೇ ಇರಬಹುದು.

ಪಿತ್ರಾರ್ಜಿತ ತೋಟದ ಹಣವಾದರೆ ಅದು ಅಪ್ಪ ಒಬ್ಬರದೇ ಅಲ್ಲ ಎನ್ನುವುದೂ ನೆನಪಿರಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. ತೋಟದ ಪಾಲು ಬಿಡಲು ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ, ಅಣ್ಣಂದಿರು ಅವಳ ಮನೆಗೆ ಇಷ್ಟು ಅಂತ ದುಡ್ಡು ಕೊಡುತ್ತಾರೆ. ಅದು ದಾನ ಅಲ್ಲ. ಅವಳ ಹಕ್ಕಿನ ಬೆಲೆ. ಅದರ ತೆರಿಗೆ ಲೆಕ್ಕವೇ ಬೇರೆ, ಜಮೀನು ಎಂಥದ್ದು ಎನ್ನುವುದರ ಮೇಲೆ ಹೋಗುತ್ತದೆ. ಅದನ್ನು ಉಡುಗೊರೆ ಎಂದು ಬರೆಸುವುದು ತೆರಿಗೆಗೂ ಸರಿಯಲ್ಲ, ತಂಗಿಗೂ ಸರಿಯಲ್ಲ.

ಹೆಂಡತಿ, ಸೊಸೆ

ಗಂಡ ಹೆಂಡತಿಗೆ ಕೊಟ್ಟ ದುಡ್ಡಿಗೆ ತೆರಿಗೆ ಇಲ್ಲ. ಆದರೆ ಆ ದುಡ್ಡಿನಿಂದ ಅವಳು ಕೊಂಡ ಮನೆಯನ್ನು ಬಾಡಿಗೆಗೆ ಬಿಟ್ಟರೆ ಬಾಡಿಗೆ ಗಂಡನ ಆದಾಯಕ್ಕೆ ಸೇರುತ್ತದೆ. ಮುಂದೆ ಮಾರಿದರೆ ಲಾಭವೂ ಅವನ ಲೆಕ್ಕಕ್ಕೇ. ಅತ್ತೆ ಮಾವ ಸೊಸೆಗೆ ಕೊಟ್ಟರೂ ಹೀಗೆಯೇ, ಬಾಡಿಗೆ ಕೊಟ್ಟವರ ಲೆಕ್ಕಕ್ಕೆ ಹೋಗುತ್ತದೆ. ಮಗಳ ಗಂಡನಿಗೆ ಕೊಟ್ಟರೆ ಈ ತೊಡಕು ಇಲ್ಲ. ವಯಸ್ಸಿಗೆ ಬಂದ ಮಗ, ಮಗಳಿಗೂ ಇಲ್ಲ. ತಾವೇ ವಾಸ ಮಾಡುವ ಮನೆಗೆ ಬಾಡಿಗೆ ಇಲ್ಲದ ಕಾರಣ ದಿನನಿತ್ಯ ಏನೂ ಬಾಧೆ ಇಲ್ಲ.

ಸಾಲವೋ ದಾನವೋ

ವಾಪಸ್ ಕೊಡಬೇಕಾದ ದುಡ್ಡಾದರೆ ಅದು ಕೈಸಾಲ. ಸಾಲಕ್ಕೆ ತೆರಿಗೆ ಇಲ್ಲ, ಯಾರು ಕೊಟ್ಟರೂ ಸರಿ, ಬಡ್ಡಿ ಇಲ್ಲದಿದ್ದರೂ ಸರಿ. ಮೇಲೆ ಹೇಳಿದ ಅಳಿಯ ತನ್ನ ಮಾವನಿಗೆ ಹೀಗೆ ಕೊಡಬಹುದು. ಆದರೆ ನಗದಿನಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಸಾಲ ಪಡೆಯುವಂತಿಲ್ಲ, ಹಿಂದಿರುಗಿಸುವಾಗಲೂ ಬ್ಯಾಂಕ್ ಮೂಲಕವೇ. ಸಾಲ ಪಡೆಯುವಾಗ ಒಂದು ವಿನಾಯಿತಿ ನಮ್ಮ ಕಡೆಗೆ ಉಪಯೋಗವಾಗುವಂಥದ್ದು: ಕೊಡುವವರು, ಪಡೆಯುವವರು ಇಬ್ಬರಿಗೂ ಕೃಷಿ ಆದಾಯವಿದ್ದು, ಇಬ್ಬರಿಗೂ ತೆರಿಗೆ ಬರುವ ಆದಾಯ ಇಲ್ಲದಿದ್ದರೆ ಈ ನಿರ್ಬಂಧ ಇಲ್ಲ. ಮಗ ಸಂಬಳದಾರನಾಗಿ ತೆರಿಗೆ ಕಟ್ಟುತ್ತಿದ್ದರೆ ಇದು ಸಿಗುವುದಿಲ್ಲ.

ಮನೆ ಮಾರುವವರಿಗೂ 20 ಸಾವಿರದ ಇದೇ ಮಿತಿ ಇದೆ. ಕ್ರಯಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನಷ್ಟು ನಗದು ಎನ್ನುವ ಮಾತಿಗೆ ಅಪ್ಪನ ಜೀವಮಾನದ ಉಳಿತಾಯ ಸುರಿಯಬೇಡಿ. ಆ ದುಡ್ಡಿಗೆ ನಿಮ್ಮ ಹತ್ತಿರ ಒಂದು ಚೂರು ದಾಖಲೆಯೂ ಉಳಿಯುವುದಿಲ್ಲ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲೇ ಶೇ. 1ರಷ್ಟು ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಮ್ಮ 60 ಲಕ್ಷದ ಮನೆಗೆ 60 ಸಾವಿರ.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗಳು ಊರಿನ ಮನೆಗೆ ದುಡ್ಡು ಕಳಿಸಿದರೂ ಅಪ್ಪ ಅಮ್ಮನಿಗೆ ಇಲ್ಲಿ ತೆರಿಗೆ ಇಲ್ಲ.

ಕಾಗದ

ಹಣದ ದಾನಕ್ಕೆ ನೋಂದಣಿ ಕಡ್ಡಾಯವಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಹಣದಂಥ ಚರ ಸ್ವತ್ತು ಕೈಗೆ ಸೇರಿದರೆ ಸಾಕು. ಮನೆಯನ್ನೇ ದಾನ ಕೊಡುವುದಾದರೆ ನೋಂದಣಿ ಬೇಕೇ ಬೇಕು. ಕುಟುಂಬದ ಹತ್ತಿರದವರೊಳಗೆ ಅದಕ್ಕೆ ಕರ್ನಾಟಕದಲ್ಲಿ ಸಣ್ಣ ನಿಗದಿತ ಮುದ್ರಾಂಕ ಶುಲ್ಕವಿದೆ. ಆ ಕುಟುಂಬದ ಪಟ್ಟಿ ಆದಾಯ ತೆರಿಗೆಯ ಪಟ್ಟಿಗಿಂತ ಚಿಕ್ಕದು, ಚಿಕ್ಕಪ್ಪ ಸೋದರಮಾವ ಅದರಲ್ಲಿಲ್ಲ.

ಕಡ್ಡಾಯ ಅಲ್ಲದಿದ್ದರೂ ಇ-ಸ್ಟಾಂಪ್ ಪೇಪರಿನ ಮೇಲೆ ಒಂದು ಪತ್ರ ಬರೆಸಿ. ಯಾರು ಯಾರಿಗೆ, ಏನು ಸಂಬಂಧ, ಇಬ್ಬರ ಪ್ಯಾನ್, ಮೊತ್ತ, ಯಾವ ಖಾತೆಯಿಂದ ಯಾವ ಖಾತೆಗೆ, ಯಾವ ದಿನ, ಆ ಹಣ ಎಲ್ಲಿಂದ ಬಂದದ್ದು, ವಾಪಸ್ ಕೇಳುವುದಿಲ್ಲ ಎಂಬ ಮಾತು, ಪಡೆದವರು ಒಪ್ಪಿದ ಮಾತು, ಇಬ್ಬರ ಸಹಿ, ಸಾಕ್ಷಿಗಳ ಸಹಿ. ಬ್ಯಾಂಕಿನವರೂ ಸಾಲ ಕೊಡುವಾಗ ಇದನ್ನು ಕೇಳಬಹುದು. ನಿಜದಲ್ಲಿ ಸಾಲವಾದದ್ದನ್ನು ಬ್ಯಾಂಕಿಗೆ ದಾನ ಎಂದು ಬರೆದುಕೊಡಬೇಡಿ. ನಾಳೆ ಕೊಟ್ಟವರು ವಾಪಸ್ ಕೇಳಿದರೆ ಆ ಪತ್ರವೇ ಅವರಿಗೆ ಅಡ್ಡ ಬರುತ್ತದೆ. ದುಡ್ಡು ಕೊಟ್ಟದ್ದು ಉಳಿದ ಮಕ್ಕಳಿಗೂ ಗೊತ್ತಿರಲಿ. ಮುಂದೆ ಪಾಲಾಗುವಾಗ ಇದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಅಪ್ಪ ಅಮ್ಮ ಬಾಯಲ್ಲೇ ಹೇಳಿದ್ದು ಸಾಲದು, ಬರೆದಿಡಲಿ.

ಕೊಡುವ ಹಿರಿಯರಿಗೆ ಪ್ರತ್ಯೇಕವಾಗಿ ಒಂದು ಮಾತು. ಇದ್ದದ್ದನ್ನೆಲ್ಲ ಕೊಡಬೇಡಿ. ಆಸ್ಪತ್ರೆಯ ಖರ್ಚಿಗೆ, ತೋಟದ ಒಂದು ವರ್ಷದ ಕೂಲಿಗೆ ಇಟ್ಟುಕೊಂಡು ಉಳಿದದ್ದು ಕೊಡಿ. ದೊಡ್ಡ ಮೊತ್ತವಾದರೆ ಪತ್ರದಲ್ಲಿ ನಿಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಬರೆಸಿ, ಇದಕ್ಕೆ ಮುಜುಗರ ಬೇಡ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಇಂಥ ಷರತ್ತಿನ ಮೇಲೆ ಕೊಟ್ಟು, ಆಮೇಲೆ ಮಕ್ಕಳು ನೋಡಿಕೊಳ್ಳದಿದ್ದರೆ ಆ ದಾನವನ್ನು ರದ್ದು ಮಾಡಿಸಲು ಅವಕಾಶವಿದೆ. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗೆ. ನಮ್ಮ ಕಡೆ ಹಾಸನ, ಸಕಲೇಶಪುರ, ಚಿಕ್ಕಮಗಳೂರು, ತರೀಕೆರೆಯಲ್ಲಿ ಅವರ ಕಚೇರಿಗಳಿವೆ. ಷರತ್ತು ಬರೆಯದೆ ಕೊಟ್ಟರೆ ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.